ಜೂನ್ ಒಂದರ ಇಬ್ಬರು ಶರಣಪ್ಪರು

ಸೇಡಂ

ಪರದೇಶಕ್ಕೆ ಹೋಗಿ ಬಂದವನನ್ನು ನಮ್ಮ ಸೇಡಂನಲ್ಲಿ ಎಲ್ಲರೂ ಕೇಳುವುದು ಒಂದೇ ಮಾತು: ‘ಅಲ್ಲಿ ಏನೇನ್ ನೋಡಿದ್ರಿ, ಸರ?’ ಫಿಲಿಪ್ಪೀನ್ಸ್ ದೇಶದ ಸೆಬು ದ್ವೀಪದಲ್ಲಿ ನಾನು ಹದಿನಾರು ದಿನ ಇದ್ದೆ. ಸಮುದ್ರ ನೋಡಿದ್ದು ಒಂದೇ ಸಂಜೆ. ಉಳಿದಂತೆ ನೋಡಿದ್ದು ಆಸ್ಪತ್ರೆಯ ಎರಡು ಮಂಚಗಳನ್ನು, ಅವುಗಳ ಮೇಲೆ ಮಲಗಿದ್ದ ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳನ್ನು. ಇಷ್ಟು ಹೇಳಿದರೆ ಕೇಳಿದವರು ಮುಖ ನೋಡುತ್ತಾರೆ. ಪೂರ್ತಿ ಹೇಳಲು ಹೋದರೆ ನಾನು ಮಾಡಿದ ತಪ್ಪನ್ನೂ ಹೇಳಬೇಕಾಗುತ್ತದೆ. ಬಾಯಲ್ಲಿ ಹೇಳಲು ಆಗುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಪ್ರಾಥಮಿಕ ಶಾಲೆಯ ಮಾಸ್ತರ, ಈಗ ನಿವೃತ್ತ. ಚಿತ್ತಾಪುರ, ಶಹಾಬಾದ ಕಡೆಯೂ ಕಲಿಸಿದ್ದೇನೆ, ಆದರೆ ಹೆಚ್ಚು ವರ್ಷ ಕಳೆದದ್ದು ಗುಂಡಗುರ್ತಿಯಲ್ಲಿ. ಶಾಲೆ ತೆರೆಯುವ ವಾರ ತಂದೆತಾಯಿ ಮಕ್ಕಳ ಕೈ ಹಿಡಿದುಕೊಂಡು ಬರುತ್ತಿದ್ದರು. ಹುಟ್ಟಿದ ತಾರೀಖಿಗೆ ಯಾರ ಹತ್ತಿರವೂ ಕಾಗದ ಇರುತ್ತಿರಲಿಲ್ಲ. ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದೆ. ಮುಟ್ಟಿದರೆ ಒಂದನೆಯ ತರಗತಿಗೆ ಲಾಯಕ್ಕು. ತಾರೀಖಿನ ಜಾಗದಲ್ಲಿ ೧-೬ ಎಂದು ಬರೆದುಬಿಡುತ್ತಿದ್ದೆ. ಜೂನ್ ಒಂದು. ಶಾಲೆ ಸೇರಲು ವಯಸ್ಸು ತುಂಬಿರಬೇಕಾದ ದಿನ ಅದು, ಆ ದಿನವೇ ಹುಟ್ಟಿದ್ದಾನೆಂದು ಬರೆದರೆ ಮೇಲಿನವರ ತಕರಾರು ಇರುತ್ತಿರಲಿಲ್ಲ. ನಮ್ಮ ಭಾಗದ ಒಂದು ಪೀಳಿಗೆಯ ಅರ್ಧ ಜನ ಒಂದೇ ದಿನ ಹುಟ್ಟಿದ್ದು ನನ್ನಂಥ ಮಾಸ್ತರರ ಕೃಪೆಯಿಂದ.

ಒಂದು ವರ್ಷ ಬಿರಾದಾರ ಮನೆಯ ಅಣ್ಣತಮ್ಮಂದಿರು ಹೆಂಡತಿಯರೊಂದಿಗೆ ಬಂದು ತಮ್ಮ ತಮ್ಮ ಮಗನನ್ನು ಒಂದೇ ದಿನ ಕರೆತಂದರು. ಇಬ್ಬರು ಹುಡುಗರಿಗೂ ತೀರಿಹೋದ ಅಜ್ಜನ ಹೆಸರನ್ನೇ ಇಟ್ಟಿದ್ದರು: ಶರಣಪ್ಪ. ನಾನು ಇಬ್ಬರಿಗೂ ಅದೇ ೧-೬, ಅದೇ ಇಸವಿ ಬರೆದೆ. ಎತ್ತರದವನು ದೊಡ್ಡ ಶರಣಪ್ಪನಾದ, ಗಿಡ್ಡನೆಯವನು ಸಣ್ಣ ಶರಣಪ್ಪನಾದ. ನಾನು ಬರೆದದ್ದು ಅವರ ಹತ್ತನೆಯ ಅಂಕಪಟ್ಟಿಗೆ ಹೋಯಿತು, ಅಂಕಪಟ್ಟಿಯಿಂದ ಪಾಸ್‌ಪೋರ್ಟಿಗೆ ಹೋಯಿತು. ಕೋಡ್ಲಾದ ಸಿಮೆಂಟ್ ಕಾರ್ಖಾನೆಯಲ್ಲಿ ಭಟ್ಟಿಯ ಒಳಗೆ ಬೆಂಕಿ ತಡೆಯುವ ಇಟ್ಟಿಗೆ ಕೂರಿಸುವ ಕೆಲಸ ಕಲಿತ ಅವರಿಬ್ಬರೂ ಅದೇ ಕೈಕಸುಬು ಹಿಡಿದು ಸೆಬುವಿಗೆ ಹೋದರು. ಊರಿಗೆ ಬಂದಾಗಲೆಲ್ಲ ನನ್ನ ಮನೆಗೆ ಬಂದು, ‘ಒಮ್ಮೆರೆ ಬರ್ರಿ ಸರ, ನಾವು ಇರೋ ಊರ್ ನೋಡ್ರಿ’ ಎಂದು ಕರೆಯುತ್ತಿದ್ದರು.

ನಾನು ಸ್ವಭಾವತಃ ಪುಕ್ಕಲ. ವಾಡಿ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುವುದಿದ್ದರೆ ಹಿಂದಿನ ದಿನವೇ ಎದೆ ಹೊಡೆದುಕೊಳ್ಳುತ್ತದೆ. ಮೊಣಕಾಲು ನೋವಿನಿಂದ ತಾನು ಬರಲಾರೆ ಎಂದ ನನ್ನ ಹೆಂಡತಿ ನನ್ನನ್ನು ಮಾತ್ರ ಬಿಡಲಿಲ್ಲ. ‘ಕೀಲಿ ಹಾಕಿ ಮೂರ್ ಸಲ ಜಗ್ಗಿ ನೋಡೋರು ನೀವು. ಹೋಗಿ ಬರ್ರಿ, ಜರಾ ಧೈರ್ಯ ಬರ್ತದ’ ಎಂದಳು. ಜೋಳದ ಹಿಟ್ಟು, ರೊಟ್ಟಿಗೆ ನೆಂಚಿಕೊಳ್ಳಲು ಶೇಂಗಾ ಹಿಂಡಿ, ವಿಭೂತಿ ಗಟ್ಟಿ ಕಟ್ಟಿಕೊಟ್ಟು ಹೈದರಾಬಾದಿನ ಗಾಡಿ ಹತ್ತಿಸಿದಳು.

ಸೆಬು, ಇಳಿದ ದಿನ

ವಿಮಾನ ನಿಲ್ದಾಣದಲ್ಲಿ ತುಂಬಿಸಿದ ಮೊದಲ ಕಾಗದದಲ್ಲೇ ಎಡವಿದೆ. ನನ್ನ ಅಪ್ಪ ಪಟವಾರಿಯ ಕೈಕೆಳಗೆ ಬರೆಯುತ್ತಿದ್ದವರು, ನಾನು ಹುಟ್ಟಿದ ತಾರೀಖನ್ನು ಪಂಚಾಂಗದ ಅಂಚಿನಲ್ಲಿ ಗುರುತು ಹಾಕಿಟ್ಟಿದ್ದರು. ಹಾಗಾಗಿ ನನ್ನದು ನಿಜವಾದ ತಾರೀಖು, ಇಪ್ಪತ್ಮೂರು. ನಾನು ದಿನ ಮೊದಲು ಬರೆದೆ. ಕಿಟಕಿಯ ಹಿಂದಿನ ಅಧಿಕಾರಿ ಕಾಗದ ನೋಡಿ, ‘ನಿಮ್ಮ ದೇಶದಲ್ಲಿ ಇಪ್ಪತ್ಮೂರು ತಿಂಗಳಿವೆಯೇ?’ ಎಂದು ನಗುತ್ತ ಕೇಳಿದ. ಅಲ್ಲಿ ತಿಂಗಳು ಮೊದಲು, ಆಮೇಲೆ ದಿನ. ಅವನು ನಕ್ಕರೂ ನಾನು ಒಂದು ಅಂಕಿಗಾಗಿ ವಾಪಸು ಕಳಿಸಿದರೆ ಏನು ಗತಿ ಎಂದು ಅಲ್ಲೇ ಬೆವತೆ.

ಕರೆದೊಯ್ಯಲು ಬಂದಿದ್ದ ದೊಡ್ಡ ಶರಣಪ್ಪನಿಗೆ ಹೇಳಿದರೆ ಅವನೂ ನಕ್ಕ. ‘ನಮ್ಮ ಕತಿ ಕೇಳ್ರಿ ಸರ. ತಂಗಿ ಲಗ್ನಕ್ಕ ಮಾರ್ಚ್ ಐದಕ್ಕ ಸೂಟಿ ಬೇಕಂತ ಅರ್ಜಿ ಬರದೆ. ಐದು, ಮೂರು ಅಂತ. ಅವರು ಮೇ ಮೂರಕ್ಕ ಸೂಟಿ ಕೊಟ್ರು. ಲಗ್ನ ಫೋನಿನ್ಯಾಗ ನೋಡ್ದೆ.’ ಹೇಳುತ್ತ ಹೇಳುತ್ತ ಅವನ ನಗು ಸಣ್ಣದಾಯಿತು.

ಆ ಊರಿನ ಜನ ಎದುರಾದವರನ್ನು ಮೊದಲು ಕೇಳುವುದು ಊಟವಾಯಿತೇ ಎಂದು. ಅದು ನನಗೆ ನಮ್ಮ ಕಡೆಯಂತೆಯೇ ಅನಿಸಿತು. ಉಳಿದದ್ದು ಅರ್ಥವಾಗಲು ದಿನ ಹಿಡಿಯಿತು. ದಾರಿ ಕೇಳಿದರೆ ಕೈ ತೋರಿಸುವುದಿಲ್ಲ, ತುಟಿ ಮುಂದೆ ಚಾಚಿ ಆ ಕಡೆಗೆ ತೋರಿಸುತ್ತಾರೆ. ಹೌದು ಎನ್ನಲು ಬಾಯಿ ಬಿಡುವುದಿಲ್ಲ, ಹುಬ್ಬು ಏರಿಸುತ್ತಾರೆ. ‘ಇದು ಸಸ್ಯಾಹಾರವೇ?’ ಎಂದು ಅಂಗಡಿಯವಳನ್ನು ಕೇಳಿದೆ, ಆಕೆ ಹುಬ್ಬು ಏರಿಸಿದಳು. ಇದನ್ನೂ ಕೇಳುವುದೇ ಎಂದು ನನ್ನನ್ನು ಹಂಗಿಸಿದಳೆಂದು ತಿಳಿದು ತಲೆತಗ್ಗಿಸಿ ಬಂದೆ. ಸಣ್ಣ ಶರಣಪ್ಪ ಅರ್ಥ ಬಿಡಿಸಿ ಹೇಳಿ, ಕಾರ್ಖಾನೆಯವರು ಕೊಟ್ಟಿದ್ದ ತಮ್ಮ ಕೋಣೆಯಲ್ಲಿ ನಾನು ತಂದ ಹಿಟ್ಟಿನಲ್ಲೇ ರೊಟ್ಟಿ ಬಡಿದು ಹಾಕಿದ. ಭಟ್ಟಿಯ ಇಟ್ಟಿಗೆ ಹಿಡಿದು ಒರಟಾದ ಕೈಯಲ್ಲಿ ರೊಟ್ಟಿ ಎಷ್ಟು ತೆಳ್ಳಗೆ ಬರುತ್ತಿತ್ತೆಂದರೆ ನನ್ನ ಹೆಂಡತಿಗೆ ಹೇಳಿದರೆ ನಂಬಲಿಲ್ಲ.

ಐದನೆಯ ದಿನ

ನಾನು ಹೋದ ಮರುದಿನವೇ ದೊಡ್ಡ ಶರಣಪ್ಪನಿಗೆ ಜ್ವರ ಬಂತು. ಎರಡು ದಿನ ಬಿಟ್ಟು ಸಣ್ಣವನಿಗೂ ಬಂತು. ಡೆಂಗಿ. ದೊಡ್ಡವನು ತಾನಾಗಿ ನಡೆದು ಹೋಗಿ ಆಸ್ಪತ್ರೆ ಸೇರಿಕೊಂಡ. ಸಣ್ಣವನನ್ನು ಐದನೆಯ ದಿನ ನಾನು ಮತ್ತು ಕಾರ್ಖಾನೆಯ ಚಾಲಕ ಹಿಡಿದುಕೊಂಡೇ ಒಳಗೆ ಒಯ್ಯಬೇಕಾಯಿತು. ಅವನಿಗೆ ಮಾತಾಡುವ ತ್ರಾಣ ಇರಲಿಲ್ಲ. ನಾನು ಅವನ ಪಾಸ್‌ಪೋರ್ಟನ್ನು ಕಿಟಕಿಯಲ್ಲಿ ಕೊಟ್ಟೆ, ಅಲ್ಲಿದ್ದವರು ನೋಡಿ ಬರೆದುಕೊಂಡರು.

ಅಲ್ಲಿನ ಆಸ್ಪತ್ರೆಗಳಲ್ಲಿ ಒಂದು ಪದ್ಧತಿ ಇದೆ. ರೋಗಿಯ ಜತೆ ಮನೆಯವರೊಬ್ಬರು ಇರಲೇಬೇಕು. ಅವರಿಗೆ ‘ಬಂತಾಯ್’ ಎನ್ನುತ್ತಾರೆ, ಕಾವಲಿನವನು ಎಂದರ್ಥ. ಉಣಿಸುವುದು, ಔಷಧ ತರುವುದು, ಸಲೈನ್ ಮುಗಿಯುತ್ತಿದ್ದರೆ ನರ್ಸನ್ನು ಕರೆಯುವುದು ಎಲ್ಲ ಅವರ ಕೆಲಸ. ನಾನು ಇಬ್ಬರಿಗೆ ಒಬ್ಬನೇ ಬಂತಾಯ್ ಆದೆ. ಮಾರಿಸೆಲ್ ಎಂಬ ನರ್ಸ್ ನನ್ನನ್ನು ‘ತಾಯ್’ ಎಂದು ಕರೆಯುತ್ತಿದ್ದಳು. ಅವರ ಮಾತಿನಲ್ಲಿ ಅದು ಅಪ್ಪ. ಅರವತ್ತು ದಾಟಿದ ಮೇಲೆ ಹಾಗೆ ಕರೆಸಿಕೊಂಡು ನನಗೆ ನಗು ಬಂದದ್ದು ಅದೊಂದೇ ಕ್ಷಣ.

ಡೆಂಗಿಯಲ್ಲಿ ದಿನಕ್ಕೆರಡು ಸಲ ರಕ್ತ ತೆಗೆದು ಪ್ಲೇಟ್‌ಲೆಟ್ ಎಣಿಸುತ್ತಾರೆ. ಅದು ತೀರ ಇಳಿದರೆ ಒಳಗೆ ರಕ್ತ ಸೋರುತ್ತದೆ. ಜ್ವರ ಇಳಿದಾಗಲೇ ಹೆಚ್ಚು ಅಪಾಯ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ದೊಡ್ಡವನ ಅಂಕಿ ಏರುತ್ತಿತ್ತು. ಸಣ್ಣವನದು ದಿನಾ ಇಳಿಯುತ್ತಿತ್ತು. ಊರಿನಲ್ಲಾಗಿದ್ದರೆ ನಾಲ್ಕು ಜನ ಬಂದು ಪಪ್ಪಾಯಿ ಎಲೆ ಅರೆದು ರಸ ಕುಡಿಸುತ್ತಿದ್ದರು, ಹತ್ತು ಜನ ಹತ್ತು ಮಾತು ಹೇಳುತ್ತಿದ್ದರು. ಇಲ್ಲಿ ನಾನೊಬ್ಬನೇ. ‘ಬಸವಾ, ಬಸವಾ’ ಎಂದುಕೊಳ್ಳುತ್ತ ಎರಡು ಮಂಚದ ನಡುವೆ ಓಡಾಡುತ್ತಿದ್ದೆ.

ಏಳನೆಯ ದಿನ, ಬೆಳಿಗ್ಗೆ

ಇಬ್ಬರ ಮಣಿಕಟ್ಟಿಗೂ ಪ್ಲಾಸ್ಟಿಕ್ ಪಟ್ಟಿ ಕಟ್ಟಿದ್ದರು, ಹೆಸರು ಮತ್ತು ಹುಟ್ಟಿದ ದಿನ ಅದರಲ್ಲಿ ಇತ್ತು. ಮಾಸ್ತರನ ಕಣ್ಣು ತಪ್ಪು ಹುಡುಕದೆ ಇರುವುದಿಲ್ಲ. ದೊಡ್ಡವನ ಪಟ್ಟಿಯಲ್ಲಿ ೦೬/೦೧ ಎಂದಿತ್ತು, ಅವರ ಪದ್ಧತಿಯಂತೆ ಜೂನ್ ಒಂದು. ಅವನು ಬಾಯಲ್ಲಿ ಹೇಳಿ ಬರೆಸಿದ್ದ. ಸಣ್ಣವನ ಪಟ್ಟಿಯಲ್ಲಿ ೦೧/೦೬ ಎಂದಿತ್ತು. ನಮ್ಮ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಇಳಿಸಿಕೊಂಡಿದ್ದರು. ಅವರ ಲೆಕ್ಕದಲ್ಲಿ ಅದು ಜನವರಿ ಆರು.

ನಮ್ಮ ಕಡೆಯವರಿಗೆ ಈ ಭಯ ಹೇಳಿಕೊಡಬೇಕಾಗಿಲ್ಲ. ಆಧಾರ್ ಕಾರ್ಡಿನಲ್ಲಿ ಒಂದಕ್ಷರ ತಪ್ಪಿದ್ದಕ್ಕೆ ಚಿಂಚೋಳಿಯ ನನ್ನ ಷಡ್ಡಕರು ತಹಶೀಲ್ ಕಚೇರಿಗೆ ಎಷ್ಟು ತಿಂಗಳು ಅಲೆದರೆಂದು ನಾನೇ ಕಂಡಿದ್ದೇನೆ. ಈ ಕಾಗದ ಒಂದು ಹೇಳಿ, ಪಾಸ್‌ಪೋರ್ಟ್ ಇನ್ನೊಂದು ಹೇಳಿದರೆ ಮುಂದೆ ಹುಡುಗನ ಕೆಲಸಕ್ಕೆ ಕುತ್ತು ಬಂದರೇನು ಗತಿ ಎಂಬ ಚಿಂತೆ ಹತ್ತಿಕೊಂಡಿತು. ಬೆಳಿಗ್ಗೆಯೇ ದಾಖಲೆ ವಿಭಾಗಕ್ಕೆ ಹೋದೆ. ಅಲ್ಲಿ ಕುಳಿತಿದ್ದ ಹುಡುಗಿಗೆ ಪಾಸ್‌ಪೋರ್ಟ್ ತೋರಿಸಿ, ನಮ್ಮಲ್ಲಿ ದಿನ ಮೊದಲು, ತಿಂಗಳು ಆಮೇಲೆ ಎಂದು ಪಾಠವನ್ನೇ ಮಾಡಿದೆ. ಅವಳು ತುಂಬ ವಿನಯದಿಂದ ಕೇಳಿಸಿಕೊಂಡು, ಕ್ಷಮೆ ಕೇಳಿ, ಕಂಪ್ಯೂಟರಿನಲ್ಲಿ ಸರಿಪಡಿಸಿ ಹೊಸ ಪಟ್ಟಿ ಕೊಟ್ಟಳು. ನಾನೇ ತಂದು ಸಣ್ಣ ಶರಣಪ್ಪನ ಕೈಗೆ ಕಟ್ಟಿಸಿದೆ. ಆ ಊರಿಗೆ ಬಂದ ಮೇಲೆ ಮೊದಲ ಸಲ ಒಂದು ಕೆಲಸವನ್ನು ಸರಿಯಾಗಿ ಮಾಡಿದೆನೆಂಬ ಸಮಾಧಾನವಾಯಿತು.

ಏಳನೆಯ ದಿನ, ಮಧ್ಯಾಹ್ನ

ಡಾಕ್ಟರು ವರದಿ ಹಿಡಿದು ಬಂದರು. ಸಣ್ಣವನ ಮಂಚದ ಹತ್ತಿರ ನಿಂತು, ಪ್ಲೇಟ್‌ಲೆಟ್ ಚೆನ್ನಾಗಿ ಏರಿದೆ, ಸಲೈನ್ ತೆಗೆಯಬಹುದು, ನಾಳೆ ಮನೆಗೆ ಹೋಗಬಹುದು ಎಂದರು. ನಾನು ಕೈ ಮುಗಿದೆ. ಆಮೇಲೆ ದೊಡ್ಡವನ ಮಂಚಕ್ಕೆ ಹೋಗಿ ಗಂಭೀರವಾದರು. ಅಂಕಿ ತೀರ ಇಳಿದಿದೆ, ಎದ್ದು ಓಡಾಡಬಾರದು, ಹಲ್ಲುಜ್ಜುವ ಬ್ರಷ್ ಕೂಡ ಹಿಡಿಯಬಾರದು ಎಂದರು. ದೊಡ್ಡ ಶರಣಪ್ಪ ಆಗ ತಾನೇ ಒಂದು ತಟ್ಟೆ ಅನ್ನ ಮುಗಿಸಿ ಕೈ ತೊಳೆದುಕೊಂಡು ಬಂದಿದ್ದ.

‘ನನಗೇನಾಗ್ಯಾದ್ರಿ ಸರ? ನಾ ಆರಾಮ ಅದೀನಿ’ ಎಂದು ನನ್ನನ್ನು ಕೇಳಿದ.

ನಾನು ಸಣ್ಣವನ ಕಡೆ ತಿರುಗಿ ನೋಡಿದೆ. ಜ್ವರ ಇರಲಿಲ್ಲ, ಆದರೆ ಪಾದ ಮುಟ್ಟಿದರೆ ತಣ್ಣಗಿತ್ತು. ತುಟಿಯ ಅಂಚಿನಲ್ಲಿ ರಕ್ತದ ಗೆರೆ. ಆ ಕಡೆ ಈ ಕಡೆ ಹೊರಳುತ್ತ, ‘ಹೊಟ್ಟಿ ಭಾಳ ನೂಸ್ತದ ಸರ’ ಎಂದ. ನರ್ಸ್ ಒಬ್ಬಳು ಬಂದು ಅವನ ಸಲೈನಿನ ನಳಿಕೆ ಬಿಚ್ಚತೊಡಗಿದಳು.

ಮಂಚದ ಕಾಲ ಬಳಿ ತೂಗಿದ್ದ ವರದಿಗಳನ್ನು ತೆಗೆದು ನೋಡಿದೆ. ಎರಡರಲ್ಲೂ ಶರಣಪ್ಪ ಬಿರಾದಾರ. ಎರಡರಲ್ಲೂ ೦೬/೦೧. ಇಸವಿಯೂ ಅದೇ. ಇಷ್ಟು ದಿನ ಇವರಿಬ್ಬರನ್ನು ಬೇರೆ ಬೇರೆ ಇಟ್ಟಿದ್ದದ್ದು ಆ ತಪ್ಪು ತಾರೀಖು ಒಂದೇ. ಬೆಳಿಗ್ಗೆ ನಾನು ಅದನ್ನು ಸರಿಪಡಿಸಿ ಬಂದಿದ್ದೆ.

ಮಾರಿಸೆಲ್ ಇದ್ದ ಮೇಜಿಗೆ ಓಡಿದೆ. ‘ವರದಿ ಅದಲುಬದಲಾಗಿದೆ. ಇವರಿಬ್ಬರೂ ಬೇರೆ ಬೇರೆ ಜನ’ ಎಂದೆ.

‘ಬೇರೆ ಬೇರೆ ಜನವೇ, ತಾಯ್. ಎರಡು ಮಂಚ ಇವೆಯಲ್ಲ’ ಎಂದಳು.

‘ನಿಮ್ಮ ಕಂಪ್ಯೂಟರಿಗೆ ಅದು ಗೊತ್ತಿಲ್ಲ.’

ಅವಳು ಬಂದು ಎರಡೂ ಪಟ್ಟಿ ಓದಿದಳು. ‘ಅವಳಿ ಮಕ್ಕಳೇ?’

‘ಅಲ್ಲ. ಅಣ್ಣತಮ್ಮಂದಿರ ಮಕ್ಕಳು.’

‘ಒಂದೇ ಹೆಸರು, ಒಂದೇ ಊರು. ಒಂದೇ ದಿನ ಹುಟ್ಟಿದರೇ?’

‘ಒಂದೇ ದಿನ ಹುಟ್ಟಿಲ್ಲ.’

‘ಪಾಸ್‌ಪೋರ್ಟಿನಲ್ಲಿ ಹಾಗೇ ಇದೆಯಲ್ಲ?’

ಸರಕಾರದ ಮೊಹರು ಬಿದ್ದ ಪುಸ್ತಕದಲ್ಲಿ ಇರುವುದು ಸುಳ್ಳು ಎಂದು ಪರದೇಶದಲ್ಲಿ ನಿಂತು ಹೇಳಬೇಕು. ಹೇಳಿದರೆ ಇಬ್ಬರ ವೀಸಾ, ಕೆಲಸ, ಮಾನ ಎಲ್ಲ ಏನಾಗುವುದೋ ಗೊತ್ತಿರಲಿಲ್ಲ. ಹೇಳದಿದ್ದರೆ ಸಣ್ಣವನ ಸಲೈನ್ ಬಿಚ್ಚುತ್ತಾರೆ. ಅವನ ತಣ್ಣನೆಯ ಪಾದ ಇನ್ನೂ ನನ್ನ ಅಂಗೈಯಲ್ಲಿ ಇದ್ದಂತೆ ಇತ್ತು.

‘ಆ ತಾರೀಖು ನಾನು ಬರೆದದ್ದು’ ಎಂದೆ. ‘ನಾನು ಇವರ ಮಾಸ್ತರ. ಇವರು ಯಾವಾಗ ಹುಟ್ಟಿದರೋ ಯಾರಿಗೂ ಗೊತ್ತಿರಲಿಲ್ಲ. ಇಬ್ಬರಿಗೂ ಒಂದೇ ದಿನ ಬರೆದೆ. ಎಲ್ಲ ಮಕ್ಕಳಿಗೂ ಅದನ್ನೇ ಬರೆಯುತ್ತಿದ್ದೆ.’

ಅವಳು ನನ್ನನ್ನೇ ನೋಡಿ ಹುಬ್ಬು ಏರಿಸಿದಳು. ಆ ಹುಬ್ಬಿಗೆ ಹೌದು ಎಂಬ ಅರ್ಥವೋ, ಇದೆಂಥ ಮನುಷ್ಯ ಎಂಬ ಅರ್ಥವೋ ತಿಳಿಯದೆ ನಾನು ನಿಂತೇ ಇದ್ದೆ. ಅವಳು ಹೋಗಿ ಮೊದಲು ಸಲೈನ್ ಬಿಚ್ಚುತ್ತಿದ್ದವಳ ಕೈ ಹಿಡಿದಳು. ಆಮೇಲೆ ಡಾಕ್ಟರನ್ನು ಕರೆದಳು. ಇಬ್ಬರ ರಕ್ತವನ್ನೂ ಹೊಸದಾಗಿ ತೆಗೆದು, ಮಂಚದ ಪಕ್ಕದಲ್ಲೇ ಸೀಸೆಯ ಮೇಲೆ ಪಾಸ್‌ಪೋರ್ಟ್ ನಂಬರು ಬರೆದು ಒಯ್ದರು.

ದಾಖಲೆ ವಿಭಾಗದ ಹುಡುಗಿ ಅಳುತ್ತ ಬಂದಳು. ತಾರೀಖು ತಿದ್ದಿದ ಕೂಡಲೇ ಕಂಪ್ಯೂಟರ್, ಇವರಿಬ್ಬರೂ ಒಬ್ಬರೇ ತಾನೇ ಎಂದು ಕೇಳಿತ್ತಂತೆ. ಹೆಸರು, ದಿನ, ಹುಟ್ಟಿದ ಊರು ಎಲ್ಲ ಒಂದೇ. ಒಬ್ಬನೇ ರೋಗಿಗೆ ಎರಡು ಖಾತೆ ಆಗಿದೆಯೆಂದು ತಿಳಿದು ಹೌದು ಎಂದು ಒತ್ತಿದ್ದಳು. ಆಮೇಲೆ ಒಂದೇ ಖಾತೆಯಲ್ಲಿ ಬಂದ ಎರಡು ರಕ್ತದ ವರದಿಯಲ್ಲಿ ಯಾವುದು ಯಾರದೆಂದು ತಿಳಿಯುವಂತಿರಲಿಲ್ಲ. ಅವಳ ತಪ್ಪು ಏನಿದೆ, ನಾನೇ ಕಲಿಸಿಕೊಟ್ಟು ಬಂದಿದ್ದೆನಲ್ಲ. ಅವಳಿಗೆ ಸಮಾಧಾನ ಹೇಳುವ ಯೋಗ್ಯತೆಯೂ ನನಗಿರಲಿಲ್ಲ.

ಅದೇ ದಿನ, ಸಂಜೆಯವರೆಗೆ

ವರದಿ ಬರುವುದನ್ನು ಕಾಯುತ್ತ ಪಡಸಾಲೆಯಲ್ಲಿ ಕುಳಿತಿದ್ದಾಗ ಫೋನ್ ಬಂತು. ಸಣ್ಣ ಶರಣಪ್ಪನ ತಾಯಿ ನೀಲಮ್ಮ, ಗುಂಡಗುರ್ತಿಯಿಂದ.

‘ಸರ, ನನ್ನ ಮಗ ಹ್ಯಾಂಗ ಅದಾನ್ರಿ? ಫೋನ್ ಎತ್ತವಲ್ಲ.’

‘ಮಲಗ್ಯಾನವ್ವ. ಡಾಕ್ಟರು ನೋಡ್ಲಿಕತ್ತಾರ. ಫಿಕರ್ ಮಾಡಬ್ಯಾಡ’ ಎಂದೆ. ಏನು ತೋಚಿತೋ, ಕೇಳಿದೆ: ‘ನೀಲಮ್ಮ, ಅವ ಖರೇ ಯಾವಾಗ ಹುಟ್ಯಾನ?’

‘ಪಂಚಮಿ ದಿನ್ರೀ. ಹುತ್ತಕ್ಕ ಹಾಲ್ ಹಾಕಿ ಬಂದು ಉಂಡಿ ಕಟ್ಲಿಕ್ಕ ಕುಂತಿದ್ದೆ, ಬ್ಯಾನಿ ಸುರು ಆಯ್ತು.’ ಆಮೇಲೆ ಅಂದಳು, ‘ನಿಮಗ ಅವತ್ತ ಸಾಲ್ಯಾಗ ಹೇಳಿದ್ದೆನಲ್ರಿ, ಸರ. ನೀವು ಬರ್ಕೊಳ್ಳಲಿಲ್ಲ.’

ಅವಳ ದನಿಯಲ್ಲಿ ದೂರು ಇರಲಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಅವಳು ಹೇಳಿದ್ದು ನನಗೆ ಸ್ವಲ್ಪವೂ ನೆನಪಿಲ್ಲ. ಯಾರಿಗೂ ತಾರೀಖು ಗೊತ್ತಿರಲಿಲ್ಲ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ, ಸ್ವಲ್ಪ ಹೊತ್ತಿನ ಮುಂಚೆ ಆ ನರ್ಸಿಗೂ ಹೇಳಿದ್ದೆ. ತಾಯಂದಿರಿಗೆ ಗೊತ್ತಿತ್ತು. ಪಂಚಮಿ ಎಂದರೆ ಯಾವ ತಾರೀಖೆಂದು ಪಂಚಾಂಗ ತೆಗೆದು ನೋಡುವ ಬೇಸರ ನನ್ನದಾಗಿತ್ತು.

ಹೊಸ ವರದಿ ಬಂತು. ಇಳಿದದ್ದು ಸಣ್ಣವನದೇ. ಅವನ ಮಂಚವನ್ನು ನರ್ಸುಗಳ ಮೇಜಿನ ಎದುರಿಗೆ ತಳ್ಳಿಕೊಂಡು ಹೋದರು. ಇನ್ನೊಂದು ದಿನ ಗೊತ್ತಾಗದೆ ಹೋಗಿದ್ದರೆ ಏನಾಗುತ್ತಿತ್ತೆಂದು ನಾನು ಕೇಳಲಿಲ್ಲ, ಡಾಕ್ಟರೂ ಹೇಳಲಿಲ್ಲ.

ಎಂಟು, ಒಂಬತ್ತು, ಹತ್ತು

ಈ ಮೂರು ದಿನ ಬರೆಯುವಂಥದು ಏನೂ ನಡೆಯಲಿಲ್ಲ. ಅಂಕಿ ಇಳಿಯಿತು, ಅಲ್ಲೇ ನಿಂತಿತು, ಮತ್ತೆ ಇಳಿಯಿತು. ಪ್ರತಿ ಸಲ ಕಾಗದ ಬಂದಾಗ ಹೆಸರನ್ನು ಬಿಟ್ಟು ಪಾಸ್‌ಪೋರ್ಟ್ ನಂಬರನ್ನು ಬೆರಳಿಟ್ಟು ಓದುತ್ತಿದ್ದೆ. ಆರಾಮಾಗಿದ್ದ ದೊಡ್ಡ ಶರಣಪ್ಪ ಬಂದು ಪಕ್ಕದಲ್ಲಿ ಕುಳಿತು, ‘ನಾ ಅವನಕಿಂತ ಏಳೆಂಟು ತಿಂಗಳ ದೊಡ್ಡಾಂವ್ರಿ ಸರ, ಎಳ್ಳ ಅಮಾಸಿ ಮುಂದ ಹುಟ್ಟೀನಂತ. ಸಣ್ಣಾಂವಗೇ ಹಿಂಗಾಯ್ತು’ ಎಂದು ಕಣ್ಣೊರೆಸಿಕೊಂಡ.

ಇನ್ನೊಂದು ಹೆದರಿಕೆ ಬೇರೆ. ಖಾಕಿಯಂಥ ಬಟ್ಟೆ ತೊಟ್ಟ ಕಾವಲುಗಾರ ವಾರ್ಡಿನೊಳಗೆ ಬಂದರೆ ಸಾಕು, ನನ್ನನ್ನೇ ಹುಡುಕಿಕೊಂಡು ಬಂದನೆಂದು ಎದ್ದು ನಿಲ್ಲುತ್ತಿದ್ದೆ. ಅವನು ದಿನಾ ನನ್ನನ್ನು ಕೇಳಿದ್ದು ಊಟವಾಯಿತೇ ಎಂದು ಮಾತ್ರ. ಡಾಕ್ಟರು ಇಬ್ಬರ ಖಾತೆಗೂ ಭಾವಚಿತ್ರ ಅಂಟಿಸಿ, ಹುಟ್ಟಿದ ದಿನ ಶಾಲೆಯ ಅಂದಾಜು ಎಂದು ಒಂದು ಸಾಲು ಬರೆದು ಸುಮ್ಮನಾದರು.

ಹನ್ನೊಂದನೆಯ ದಿನ ಬೆಳಿಗ್ಗೆ ಅಂಕಿ ಏರಿತು. ಮಧ್ಯಾಹ್ನ ಇನ್ನೂ ಏರಿತು. ಸಣ್ಣ ಶರಣಪ್ಪ ಕಣ್ಣು ಬಿಟ್ಟು, ‘ಶೇಂಗಾ ಹಿಂಡಿ ಉಳದದೇನ್ರಿ ಸರ?’ ಎಂದು ಕೇಳಿದ. ನಾನು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತು ಬಂದೆ.

ಆಸ್ಪತ್ರೆ ಬಿಟ್ಟ ದಿನ

ಸಣ್ಣ ಶರಣಪ್ಪನನ್ನು ಮನೆಗೆ ಕಳಿಸುವ ಕಾಗದಕ್ಕೆ ಬಂತಾಯ್ ರುಜು ಹಾಕಬೇಕು. ದಾಖಲೆ ವಿಭಾಗದ ಅದೇ ಹುಡುಗಿ ಹಾಳೆ ಮುಂದಿಟ್ಟು, ‘ಈ ಸಲ ಹುಟ್ಟಿದ ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ, ತಾಯ್’ ಎಂದಳು. ಪೆನ್ನು ಹಿಡಿದವನು ಹಾಗೇ ನಿಂತೆ. ನಾಗರಪಂಚಮಿ ಜೂನ್ ತಿಂಗಳಲ್ಲಿ ಬರುವುದಿಲ್ಲ. ಅವನು ಹುಟ್ಟಿದ ದಿನ ಈಗ ನನಗೆ ಗೊತ್ತಿದೆ. ಆದರೆ ನಿಜ ಬರೆದರೆ ಈ ಹುಡುಗ ಮುಂದೆ ಪ್ರತಿ ಕಿಟಕಿಯಲ್ಲೂ ಸಿಕ್ಕಿಬೀಳುತ್ತಾನೆ.

ಗಾಲಿಕುರ್ಚಿಯಲ್ಲಿ ಕುಳಿತಿದ್ದ ಸಣ್ಣ ಶರಣಪ್ಪ ನನ್ನ ಕೈ ನೋಡಿದ. ಅವನ ತಾಯಿ ಅವನಿಗೂ ಫೋನ್ ಮಾಡಿರಬೇಕು.

‘ಜೂನ್ ಅಂತ ಬರೀರಿ, ಸರ. ನಂದು ಎಲ್ಲಾ ಕಡಿ ಅದೇ ಅದ, ಇರ್ಲಿ’ ಎಂದ. ‘ನನ್ನ ಮಗಳು ಹುಟ್ಟಿದಾಗ ದವಾಖಾನ್ಯಾಗ ನಿಂತು ಖರೇ ತಾರೀಖ ಬರಸೀನಿ. ಸಾಲಿಗಿ ಹಚ್ಚೋವಾಗ ಅದೇ ಕಾಗದ ಕೈಯಾಗ ಹಿಡ್ಕೊಂಡು ಹೋಗೀನಿ.’

ಅವನು ನನ್ನನ್ನು ಚುಚ್ಚಲು ಹೇಳಲಿಲ್ಲ. ಮಗಳ ಮಾತು ಬಂದಾಗ ಎಲ್ಲ ತಂದೆಯರೂ ನಗುವ ಹಾಗೆ ನಕ್ಕ. ನಾನು ಜೂನ್ ಎಂದು ಬರೆದೆ. ಆಸ್ಪತ್ರೆಯ ಪ್ರತಿಗೆಂದು ಹುಡುಗಿ ಇನ್ನೊಂದು ಹಾಳೆ ಕೊಟ್ಟಳು. ಅದರಲ್ಲೂ ಜೂನ್ ಎಂದೇ ಬರೆದು, ಕೆಳಗೆ ನನ್ನ ಹೆಸರು ಹಾಕಿದೆ.